ಅಕ್ಕವ್ವನ ಮನೆಯ ನೀರು

“ಏ! ಬಾವ್ಯಾಗ ಏನ ಬಿಡಾಕತ್ತೀರಿ? ಮೊದಲ ಹಗ್ಗ ಮ್ಯಾಲ ತಗೀರಿ!”

ಬೆನ್ನ ಹಿಂದಿನ ಗದರಿಕೆಗೆ ನೀಲಮಳ ಕೈ ಸಡಿಲವಾಯಿತು. ನೀರಿನ ಮಾದರಿ ತೆಗೆಯಲು ತಂದಿದ್ದ ಬಾಟಲಿ ಹಗ್ಗದ ಸಮೇತ ಬಾವಿಯ ಪಾಲಾಯಿತು.

ಕಬ್ಬಿನ ಹೊಲದಿಂದ ಓಡಿಬಂದವನು ಏದುಸಿರು ಬಿಡುತ್ತಿದ್ದ. ಅವಳಿಗೂ ಸಿಟ್ಟು ನೆತ್ತಿಗೇರಿತ್ತು.

“ಬಿಡಾಕತ್ತಿಲ್ರಿ, ತಗ್ಯಾಕ ಬಂದೀನಿ. ನೀರು ತಪಾಸ ಮಾಡಾಕ ಕಾಲೇಜಿಂದ ಕಳಿಸ್ಯಾರ. ನನ್ನ ಹೆಸರು ನೀಲಮ ಕಾಂಬಳೆ.”

ದಲಿತಳೆಂದು ಗುರುತು ಹಿಡಿಸುವ ಆ ಅಡ್ಡಹೆಸರು ಹೇಳಿದ ಮೇಲೆ ಎದುರಿನವರ ಮುಖ ನೋಡುವುದು ಅವಳಿಗೆ ಚಿಕ್ಕಂದಿನ ರೂಢಿ. ಈ ಮುಖದಲ್ಲಿ ಕಂಡದ್ದು ನಾಚಿಕೆ ಮಾತ್ರ.

“ತಪ್ಪಾತ್ರಿ,” ಎಂದ ಅವನು. “ಈ ಬಾವಿ ಹತ್ರ ಗುರುತಿಲ್ಲದವ್ರು ನಿಂತ್ರ ನನ್ನ ಎದಿ ಧಸಕ್ ಅಂತೈತಿ.”

ಪ್ಯಾಂಟು ಮಡಚಿಕೊಂಡು ಮೆಟ್ಟಿಲಿಳಿದು ಬಾಟಲಿ ತಂದುಕೊಟ್ಟ. ಹೆಸರು ದುಂಡೇಶ. ಬಾವಿ ಅವನದೇ.

ಎದೆ ಧಸಕ್ಕೆನ್ನಲು ಕಾರಣವಿತ್ತು. ರಾಯಬಾಗ ತಾಲೂಕಿನ ಆ ತೋಟದ ವಸ್ತಿಯ ಮೇಲ್ಗಡೆ ಒಂದು ಮದ್ಯಸಾರದ ಕಾರ್ಖಾನೆ ಇತ್ತು. ಅದರ ಹೊಲಸು ಹಳ್ಳಕ್ಕೆ ಬಂದು, ಹಳ್ಳದಿಂದ ಬಾವಿಗಳಿಗಿಳಿದು, ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಜನ ಧರಣಿ ಕೂತು ಕಾರ್ಖಾನೆ ಮುಚ್ಚಿಸಿದರು, ಹಳ್ಳದ ಹೂಳು ತೆಗೆದರು. 2014ರ ಹೊತ್ತಿಗೆ ನೀರು ನಿಧಾನವಾಗಿ ತಿಳಿಯಾಗುತ್ತಿತ್ತು. ಎಷ್ಟು ತಿಳಿಯಾಯಿತು ಎಂದು ಅಳೆಯುವುದೇ ನೀಲಮಳ ಎಂ.ಎಸ್ಸಿ. ಅಧ್ಯಯನ.

ತಿಂಗಳಿಗೊಮ್ಮೆ ಅವಳು ಕುಡಚಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬಸ್ ನಿಲ್ಲುವಲ್ಲಿ ದುಂಡೇಶನಿಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಗೊಬ್ಬರ ತರುವುದು, ಯಾರನ್ನೋ ಕಾಯುವುದು... ಕೆಲಸ ಯಾವುದೆಂದು ಅವಳು ಕೇಳಲಿಲ್ಲ. ಕೇಳಿದರೆ ಅವನು ಬರುವುದು ನಿಂತೀತು ಎಂಬ ಭಯ ಅವಳಿಗೆ. ಬಾವಿಯ ನೀರಿಗಿಂತ ಬೇಗ ತಿಳಿಯಾದದ್ದು ಅವರ ಮಾತುಕತೆ. ಬೇರೆ ಊರಿನ ಮಾದರಿಗಳನ್ನು ಅವಳು ಬೆಳಿಗ್ಗೆಯೇ ಮುಗಿಸಿ, ಈ ಬಾವಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು.

ಒಂದೇ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತಿತ್ತು. ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುತ್ತಾರೆ, ಮಾತು ಆಮೇಲೆ. ದುಂಡೇಶನ ತಾಯಿ ಅಕ್ಕವ್ವ ಅವಳಿಗೆ ರೊಟ್ಟಿ ಬಡಿಸಿದಳು, ಶೇಂಗಾದ ಚಟ್ನಿಪುಡಿ ಕಟ್ಟಿಕೊಟ್ಟಳು. ನೀರು ಮಾತ್ರ ಕೊಡಲಿಲ್ಲ. ಬಾಯಾರಿಕೆ ಎಂದರೆ ದುಂಡೇಶ ಅಂಗಡಿಗೆ ಹೋಗಿ ಸೀಲು ಹಾಕಿದ ಬಾಟಲಿ ತರುತ್ತಿದ್ದ.

‘ಬಾವಿ ಕೆಟ್ಟಿದೆ, ಅದಕ್ಕೆ...’ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಬೇಸಿಗೆಯ ಆರಂಭದಲ್ಲಿ ಫಲಿತಾಂಶ ಬಂತು. ಅವಳು ಕಟ್ಟೆಯ ಮೇಲೆ ಕೂತು ಓದಿ ಹೇಳಿದಳು. “ಮಾವಶಿ, ನೀರು ಕುಡ್ಯಾಕ ಬರತೈತಿ. ಪೂರ್ತಿ ಛಲೋ ಆಗೈತಿ.”

ಅಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾರ ಒಂದ ತಂಬಿಗಿ ನೀರ ಕೊಡ್ರಿ,” ಎಂದಳು ನೀಲಮ, ನಗುತ್ತ.

ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಂಡೇಶ ಗಾಡಿಯ ಕೀಲಿ ತೆಗೆದುಕೊಂಡ. “ಇಲ್ಲೇ ಕೂಡ್ರಿ. ಬಾಟಲಿ ತರ್ತೀನಿ.”

ಅವನು ಹೋದದ್ದೇ ತಡ, ಪಕ್ಕದ ತೋಟದ ಕಾಮಣ್ಣ ಬಂದ. ಅಕ್ಕವ್ವ ಒಳಗಿನಿಂದ ತಾಮ್ರದ ತಂಬಿಗೆ ತುಂಬಿ ತಂದುಕೊಟ್ಟಳು. ಅವನು ಗಟಗಟನೆ ಕುಡಿದು ಹೋದ.

ನೀಲಮ ಆ ತಂಬಿಗೆಯನ್ನೇ ನೋಡಿದಳು. ಚಿಕ್ಕಂದಿನಲ್ಲಿ ಯಾರದೋ ಮನೆಯ ಅಂಗಳದಲ್ಲಿ ಬೊಗಸೆಯೊಡ್ಡಿ ನಿಂತಿದ್ದು, ಮೇಲಿನಿಂದ ನೀರು ಸುರಿದದ್ದು ನೆನಪಾಯಿತು. ಅಳು ಬರಲಿಲ್ಲ. ಒಳಗೆಲ್ಲ ತಣ್ಣಗಾಯಿತು, ಅಷ್ಟೇ.

ದುಂಡೇಶ ತಂದ ಬಾಟಲಿಯನ್ನು ಅವಳು ತೆರೆಯಲಿಲ್ಲ.

“ನನ್ನ ಕೆಲಸ ಮುಗೀತ್ರಿ. ಇನ್ನ ಬರೂದಿಲ್ಲ.”

“ಯಾಕ್ರಿ? ಏನಾತು?”

“ನಿಮ್ಮ ತಂಬಿಗೀನ ಕೇಳ್ರಿ.”

ಆಮೇಲೆ ಅವಳು ಅವನ ಫೋನೆತ್ತಲಿಲ್ಲ. ವರದಿ ಬರೆಯುತ್ತ ಆ ಬಾವಿಯ ಭಾಗಕ್ಕೆ ಬಂದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಅವನ ಮೇಲಿನ ಪ್ರೀತಿ ಹೋಗಿದ್ದರೆ ಬರೆಯುವುದು ಸುಲಭವಿತ್ತು.

ಒಂದು ಭಾನುವಾರ ಕುಡಚಿಯ ರೈಲ್ವೆ ಕ್ವಾರ್ಟರ್ಸಿನ ಅವಳ ಮನೆ ಬಾಗಿಲಲ್ಲಿ ದುಂಡೇಶ ನಿಂತಿದ್ದ. ನೀಲಮಳ ತಾಯಿ ತಾರಾಬಾಯಿ ಯಾರು, ಎತ್ತ ಎಂದು ಕೇಳುವ ಮೊದಲೇ ನೀರು ತಂದಿಟ್ಟಳು. ಅವನು ಚೊಂಬಿಗೆ ಬಾಯಿ ಹಚ್ಚಿ ಪೂರ್ತಿ ಕುಡಿದ.

“ಕಾಮಣ್ಣ ಹೇಳಿದ,” ಎಂದ. “ನಿಮ್ಮ ಎದುರಿಗೇ ಅವ್ವ ಅವಗ ನೀರ ಕೊಟ್ಟಳಂತ. ಆವಾಗ ತಿಳೀತು.”

ನೀಲಮ ಖಾಲಿ ಚೊಂಬನ್ನು ಎತ್ತಿ ಬದಿಗಿಟ್ಟಳು.

“ನನ್ನ ಅಕ್ಕ ಕೋಮಲ ಮುಗಳಖೋಡದಿಂದ ಸೂಟಿಗೆ ಬಂದಿದ್ದಳು. ಆಕಿ ಮಗ ನಮ್ಮ ಬಾವಿ ನೀರ ಕುಡದು ದವಾಖಾನಿ ಸೇರಿದ. ಜೀವ ಉಳೀತು. ಆದ್ರ ಅಕ್ಕ ಮತ್ತ ತವರಿಗೆ ಬರಲಿಲ್ಲ. ಅವತ್ತಿಂದ ಅವ್ವ ಹೊರಗಿನವ್ರಿಗೆ, ಯಾರಿಗೂ, ಆ ನೀರ ಕೊಟ್ಟಿಲ್ಲ. ಕಾಮಣ್ಣ ನಮ್ಮ ಜೋಡೀನ ಅದನ್ನ ಕುಡದು ಬದುಕಿದಾಂವ.”

“ನೀರು ಛಲೋ ಐತಿ ಅಂತ ನಾನ ಓದಿ ಹೇಳಿದ್ನೆಲ್ಲ. ನನ್ನ ಮಾತು ನಂಬಲಿಲ್ಲ?”

“ನಂಬಿದ್ದೆ. ನನ್ನ ಜೀವಕ್ಕ ನಂಬಿದ್ದೆ. ನಿಮ್ಮ ಜೀವಕ್ಕ ನಂಬಾಕ ಧೈರ್ಯ ಸಾಲಲಿಲ್ಲ...”

ಅವಳು ಅವನತ್ತ ತಿರುಗಿದಳು. “ನಿಮಗ ಯಾರೂ ಮ್ಯಾಲಿಂದ ನೀರ ಸುರಿದಿಲ್ಲ, ದುಂಡೇಶ. ಅದಕ್ಕ ನನಗ ಮೊದಲ ಹೇಳಬೇಕು ಅಂತ ನಿಮಗ ಹೊಳೀಲಿಲ್ಲ.”

“ಹೌದು. ಅದು ನನ್ನ ತಪ್ಪ.” ಅವನು ತಲೆಯೆತ್ತಿದ. “ನಿಮ್ಮನ್ನ ಬಿಟ್ಟ ಇರಾಕ ಆಗವಲ್ದು. ಅವ್ವಗ ಎಲ್ಲಾ ಹೇಳೀನಿ. ಒಮ್ಮೆ ಬರ್ರಿ. ನೀರ ಕೇಳಿ ನೋಡ್ರಿ.”

ಅವಳು ಹೋದದ್ದು ಮುಂದಿನ ವಾರ. ನಂಬಿಕೆ ಅರ್ಧ, ಅಳುಕು ಅರ್ಧ. ಅಂಗಳದಲ್ಲಿ ಕೋಮಲ ಕೂತಿದ್ದಳು, ಪಕ್ಕದಲ್ಲಿ ಅವಳ ಮಗ. ಅಕ್ಕವ್ವ ಜೋಳ ಹಸನು ಮಾಡುತ್ತಿದ್ದಳು.

“ಮಾವಶಿ, ನೀರು...” ಎಂದಳು ನೀಲಮ.

ಅಕ್ಕವ್ವ ಮೊರದಿಂದ ಕಣ್ಣು ಕೀಳಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ.

‘ಮತ್ತೆ ಅದೇ!’ ನೀಲಮಳ ಮುಖ ಕಪ್ಪಿಟ್ಟಿತು. ಚೀಲ ಹೆಗಲಿಗೇರಿಸಿದಳು.

“ಎಲ್ಲಿಗೆ ಹೊಂಟಿ ಯವ್ವಾ?” ಎಂದಳು ಅಕ್ಕವ್ವ. “ಅಡಗಿ ಮನ್ಯಾಗ ನೀರಿನ ಹರವಿ ಐತಿ. ಹೋಗಿ ತುಂಬ್ಕೊಂಡ ಕುಡಿ. ಕೈಯಾಗ ಕೊಡಾಕ ನೀ ಏನ ಬೀಗತಿ ಏನ? ಮನಿಯವ್ರು ತಾವ ತಗೋತಾರ.”

ನೀಲಮ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಒಳಗೆ ಹೋದಳು. ಹರವಿಯ ಮುಚ್ಚಳ ಸರಿಸಿ, ತಾಮ್ರದ ತಂಬಿಗೆ ಅದ್ದಿ, ಕಣ್ಣು ಮುಚ್ಚಿ ಕುಡಿದಳು. ನೀರು ತಣ್ಣಗಿತ್ತು. ಕುಡಿದಾದ ಮೇಲೆ ಅಳು ಬಂತು.

ಮತ್ತೊಮ್ಮೆ ತುಂಬಿಕೊಂಡು ಹೊರಬಂದಾಗ ದುಂಡೇಶ ಕಟ್ಟೆಯ ಬಳಿ ನಿಂತಿದ್ದ.

“ನೀರ ಬೇಕೇನ್ರಿ?” ಎಂದಳು.

“ಯಾವ್ದು? ಅಂಗಡೀದ?”

“ಅಲ್ಲ,” ಎಂದಳು ನೀಲಮ, ತಂಬಿಗೆ ಅವನ ಕೈಗಿಡುತ್ತ. “ನಮ್ಮ ಮನೀದು.”