ಬೆನ್ನ ಮೇಲಿನ ಬಾವುಟ

"ಮುಟ್ಟಬೇಡಿ, ಇನ್ನೂ ಹಸಿ ಇದೆ."

ಅವಳ ಬೆರಳು ಗಾಳಿಯಲ್ಲೇ ನಿಂತಿತು.

ಬಣ್ಣ, ಕುಂಚ ಮಾರುವ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಹೆಬ್ಬೆರಳಿನಷ್ಟೇ ಎತ್ತರದ ಯೋಧನೊಬ್ಬ ನಿಂತಿದ್ದ. ತಲೆಗೆ ಕೊಂಬಿನ ಶಿರಸ್ತ್ರಾಣ, ಸೊಂಟಕ್ಕೆ ಎರಡು ಕತ್ತಿ, ಬೆನ್ನಿಗೆ ಕಟ್ಟಿದ ಪುಟ್ಟ ಬಾವುಟ. ಸಾಸಿವೆ ಕಾಳಿನಷ್ಟು ಮುಖ, ಅದರಲ್ಲೂ ಗಂಟಿಕ್ಕಿದ ಹುಬ್ಬು.

ಇಷ್ಟು ಚಿಕ್ಕ ಹುಬ್ಬನ್ನು ಯಾರು ಬರೆದರು... ಹೇಗೆ ಬರೆದರು?

ತಲೆ ಎತ್ತಿದಳು. ಎದುರಿಗೆ ಕುಂಚ ಹಿಡಿದ ಒಬ್ಬ ಎತ್ತರದ ಆಸಾಮಿ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಅಂಥ ಕೈ, ಇಂಥ ಕೆಲಸ!

"ಮಗುವಿಗಾ?" ಎಂದಳು.

"ಅಲ್ಲ, ನನಗೆ."

"ಆಟದ ಸಾಮಾನು..."

"ಸೈನ್ಯ," ಎಂದು ಅವನು ತಿದ್ದಿದ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಗಲ್ಲಾದ ಹಿಂದಿದ್ದ ಅಂಗಡಿಯಕ್ಕ ಮಾತ್ರ ನಕ್ಕರು. "ಇವನನ್ನ ನಾವು ದಂಡನಾಯಕ ಅಂತ ಕರೆಯೋದು. ಲಿಫ್ಟ್ ರಿಪೇರಿ ಹೊಟ್ಟೆಪಾಡಿಗೆ. ಜೀವ ಎಲ್ಲ ಈ ಜಪಾನಿ ಸಮುರಾಯ್‌ಗಳ ಮೇಲೆ. ಭಾನುವಾರ ಮೇಲಿನ ಕೋಣೇಲಿ ಮೇಜಿನ ಮೇಲೆ ಯುದ್ಧ ಇರುತ್ತೆ, ಬಂದು ನೋಡು."

ಅವಳು ಬಂದಿದ್ದು ಸಣ್ಣ ಕುಂಚಕ್ಕೆ. ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಹೊಸ ಹಲ್ಲಿಗೆ ಪಕ್ಕದ ಹಲ್ಲಿನ ಬಣ್ಣವನ್ನೇ ಹಚ್ಚಬೇಕು, ಯಾರಿಗೂ ವ್ಯತ್ಯಾಸ ತಿಳಿಯಬಾರದು. ಎಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಲ್ಯಾಬಿನವರು ಅವಳಿಗೆ ಇಟ್ಟಿದ್ದ ಹೆಸರು ಸೂಜಿಗಣ್ಣಿ.

ಆ ಭಾನುವಾರ ಬರಿ ನೋಡಿ ಬರೋಣವೆಂದು ಹೋದಳು. ಮುಂದಿನ ಭಾನುವಾರ ಕಾರಣ ಹುಡುಕುವ ಗೋಜಿಗೂ ಹೋಗಲಿಲ್ಲ.

ಮೇಜಿನ ಮೇಲೆ ಥರ್ಮೋಕೋಲಿನ ಗುಡ್ಡ, ಮರಳು ಅಂಟಿಸಿದ ದಾರಿ, ನೀಲಿ ಬಟ್ಟೆಯ ಹೊಳೆ. ಅಳತೆಪಟ್ಟಿ ಹಿಡಿದು ಸೈನಿಕರನ್ನು ಮುಂದೆ ಸರಿಸುವುದು, ದಾಳ ಉರುಳಿಸಿ ಯಾರು ಉಳಿದರು, ಯಾರು ಬಿದ್ದರು ಎಂದು ತೀರ್ಮಾನಿಸುವುದು. ವಯಸ್ಸಾದ ಗಂಡಸರು, ಹೆಂಗಸರು ಉಸಿರು ಬಿಗಿಹಿಡಿದು ನೋಡುವುದು!

ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ.

"ಇವರೆಲ್ಲ ಬೆನ್ನಿಗೆ ಬಾವುಟ ಯಾಕೆ ಕಟ್ಕೊಂಡಿದ್ದಾರೆ?"

"ಯುದ್ಧದ ಧೂಳಲ್ಲಿ ನಮ್ಮವರು ಯಾರು, ಅವರು ಯಾರು ಅಂತ ಗೊತ್ತಾಗ್ಬೇಕಲ್ಲ."

"ಹಾಗಾದ್ರೆ ಶತ್ರುಗೂ ಗೊತ್ತಾಗುತ್ತಲ್ಲ?"

ಅವನು ಕುಂಚ ಕೆಳಗಿಟ್ಟು ಅವಳನ್ನೇ ನೋಡಿದ. "ನೀವು ನಮ್ಮಪ್ಪನ ಹಾಗೇ ಪ್ರಶ್ನೆ ಕೇಳ್ತೀರಿ," ಎಂದ. ಅದು ಹೊಗಳಿಕೆಯೋ ದೂರೋ... ಮನೆಗೆ ಹೋಗುವಾಗ ಬಸ್ಸಿನಲ್ಲೆಲ್ಲ ಅವಳಿಗೆ ಅದೇ ಯೋಚನೆ.

ಮಾತು ಬೆಳೆಯಿತು. ಅವನು ಸೈನಿಕನ ಕವಚಕ್ಕೆ ಬಣ್ಣ ಬಳಿದರೆ ಅವಳು ಕಣ್ಣು ಬರೆಯುತ್ತಿದ್ದಳು. ಒಂದೇ ದೀಪದ ಕೆಳಗೆ ಎರಡು ತಲೆ. ಅಂಗಡಿಯಕ್ಕ ಟೀ ಇಟ್ಟು ಹೋದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲ ಸರಿಯಾಗೇ ಇತ್ತು... ಆ ಮಧ್ಯಾಹ್ನದವರೆಗೆ.

ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆಂದು ಅವನಿಗೆ ಫೋನ್ ಬಂತು. "ಸ್ವಲ್ಪ ನನ್ನ ಪಡೆ ನೋಡ್ಕೊಳ್ತೀರಾ?" ಎಂದು ಡಬ್ಬಿ ಅವಳ ಕಡೆ ಸರಿಸಿ ಓಡಿದ.

ಅವಳು ಒಬ್ಬೊಬ್ಬರನ್ನೇ ತೆಗೆದು ಸಾಲಾಗಿ ನಿಲ್ಲಿಸಿದಳು. ಎಲ್ಲರ ಬಾವುಟದ ಮೇಲೂ ಕಪ್ಪು ವೃತ್ತ, ಮುದ್ರೆ ಒತ್ತಿದಷ್ಟು ದುಂಡಗೆ. ಒಬ್ಬನದು ಮಾತ್ರ ಬೇರೆ. ವೃತ್ತ ಅಲ್ಲಲ್ಲಿ ನಡುಗಿ, ಒಂದು ಕಡೆ ಉಬ್ಬಿ, ಕೊನೆಗೆ ಕೂಡದೇ ನಿಂತುಬಿಟ್ಟಿತ್ತು.

ಪಾಪ, ಅವಸರದಲ್ಲಿ ಹಾಳಾಗಿದೆ. ಅವನು ಬರುವಷ್ಟರಲ್ಲಿ ಸರಿ ಮಾಡಿಟ್ಟರೆ ಎಷ್ಟು ಖುಷಿಪಡುತ್ತಾನೋ...

ಕುಂಚ ತೆಗೆದಳು. ಬಿಳಿ ಬಣ್ಣದಿಂದ ಮುಚ್ಚಿ, ಒಣಗಿಸಿ, ಹೊಸ ವೃತ್ತ ಬರೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸಂಜೆಗೆ ಅವನು ಬಂದ. ಸಾಲನ್ನು ನೋಡಿದ. ಹುಡುಕಿದ. ಮತ್ತೆ ಹುಡುಕಿದ.

"ಇವನ ಬಾವುಟ ಯಾರು ಮುಟ್ಟಿದ್ರು?"

"ನಾನೇ. ಹಾಳಾಗಿತ್ತಲ್ಲ, ಅದಕ್ಕೆ..."

"ಹಾಳಾಗಿರಲಿಲ್ಲ." ಅವನ ದನಿ ಇಳಿದಿತ್ತು. "ನಮ್ಮಪ್ಪ ಬೋರ್ಡ್ ಬರೀತಿದ್ರು. ಈ ಎಲ್ಲಾ ಬಾವುಟ ಅವರ ಕೈದೇ. ಪಾರ್ಶ್ವವಾಯು ಬಡಿದು ಬಲಗೈ ಹೋಯ್ತು. ಆಮೇಲೆ ಎಡಗೈಲಿ ಬರೆದ ಮೊದಲನೇದು ಇದು."



ಅವನು ಡಬ್ಬಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದ. ಬೈದಿದ್ದರೆ ಚೆನ್ನಾಗಿತ್ತು. ಬೈಯಲೂ ಇಲ್ಲ...

ಆಮೇಲಿನ ಭಾನುವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ಲ್ಯಾಬಿನಲ್ಲಿ ಅವಳು ಹಚ್ಚಿದ ಬಣ್ಣ ಮೊದಲ ಬಾರಿಗೆ ತಪ್ಪಿತು. 'ಅವನ ಹತ್ತಿರ ಕ್ಷಮೆ ಕೇಳಿ ಏನು ಪ್ರಯೋಜನ? ನಾನು ಅಳಿಸಿದ್ದು ಅವನ ಗೆರೆಯನ್ನಲ್ಲವಲ್ಲ.'

ಅಂಗಡಿಯಕ್ಕನ ಹತ್ತಿರ ಅವನ ಮನೆಯ ವಿಳಾಸ ಕೇಳಿಕೊಂಡು ಅವಳು ಹೊರಟಳು.

ಬಾಗಿಲು ತೆರೆದವರು ಅವನ ಅಪ್ಪನೇ. ಬಲಗೈ ಮಡಿಚಿ ಎದೆಗೆ ಒರಗಿತ್ತು. ಕಣ್ಣು ಮಾತ್ರ ಚುರುಕು.

"ಅಂಕಲ್, ನಿಮ್ಮ ಬಾವುಟ ಅಳಿಸಿದವಳು ನಾನು," ಎಂದಳು ಹೊಸ್ತಿಲಲ್ಲೇ. ಒಳಗೆ ಹೋದ ಮೇಲೆ ಹೇಳೋಣವೆಂದರೆ ಎಲ್ಲಿ ಧೈರ್ಯ ಕೈಕೊಡುತ್ತದೋ ಎಂಬ ಭಯ.

ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬಾ, ಕೂತ್ಕೋ. ಮೊದಲು ಅದು ಹೇಗಿತ್ತು, ಹೇಳು."

"ಸ್ವಲ್ಪ... ಓಲಾಡ್ತಿತ್ತು."

"ಸ್ವಲ್ಪ?"

ಅವಳು ಕಣ್ಣು ಮುಚ್ಚಿಕೊಂಡಳು. "ತುಂಬಾ."

ಅವರು ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ನಗುತ್ತಿದ್ದ ಹಾಗೇ ಕಣ್ಣು ತುಂಬಿಬಂತು.

"ಆಸ್ಪತ್ರೆಯಿಂದ ಬಂದ ಮೇಲೆ ನನಗೆ ನಿಜ ಹೇಳಿದವಳು ನೀನೊಬ್ಬಳೇ ಕಣಮ್ಮ. ನಾನು ಏನು ಗೀಚಿದ್ರೂ ನನ್ನ ಮಗ 'ತುಂಬಾ ಚೆನ್ನಾಗಿದೆ ಅಪ್ಪ' ಅಂತಾನೆ. ಅಂಗನವಾಡಿ ಮಗೂಗೆ ಹೇಳೋ ಹಾಗೆ. ಆಯುಸ್ಸಿಡೀ ಬೋರ್ಡ್ ಬರೆದವನು ನಾನು. ಸೊಟ್ಟ ಯಾವುದು, ನೆಟ್ಟಗೆ ಯಾವುದು ಅಂತ ನನಗೆ ಗೊತ್ತಾಗಲ್ವಾ? ಅದಕ್ಕೇ ಕುಂಚ ಬಿಟ್ಟುಬಿಟ್ಟೆ."

ಒಳಬಾಗಿಲಲ್ಲಿ ಏನೋ ಸದ್ದಾಯಿತು. ಮಗ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಮುಖ ಬಿಳುಚಿಕೊಂಡಿತ್ತು.

ಅವಳು ಅವನ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅಪ್ಪನ ಕಡೆಗೇ ತಿರುಗಿದಳು.

"ಅಂಕಲ್, ಬಲಗೈ ಹಿಡಿಯದಿದ್ರೆ ಬೇಡ. ಮೇಜಿನ ಮೇಲೆ ಸುಮ್ನೆ ಮಲಗಿರ್ಲಿ. ಅದರ ಮೇಲೆ ಎಡಗೈ ಒರಗಿಸಿ. ಸಣ್ಣ ಕೆಲಸಕ್ಕೆ ನಾವು ಲ್ಯಾಬಲ್ಲಿ ಹೀಗೇ ಒಂದು ಕೈಗೆ ಇನ್ನೊಂದನ್ನ ಆಸರೆ ಕೊಡೋದು. ಉಸಿರು ಬಿಡ್ತಾ ಗೆರೆ ಎಳೀರಿ."

ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ತೆರೆಯಿತು.

ಲ್ಯಾಬು ಮುಗಿಸಿ ಬಸ್ ಬದಲಾಯಿಸಿಕೊಂಡು ಬರುವುದು ಅವಳ ರೂಢಿಯಾಯಿತು. ಅಪ್ಪ ಬರೆಯುವರು, ಬೈದುಕೊಳ್ಳುವರು, ಅಳಿಸುವರು, ಮತ್ತೆ ಬರೆಯುವರು. ಮಗ ಟೀ ತಂದಿಟ್ಟು ಒಂದು ಮಾತೂ ಆಡದೆ ಹೋಗುವನು.

ಇನ್ನೂ ಕೋಪವೇ? ಅಥವಾ... ಅಲ್ಲ, ಕೋಪ ಇದ್ದವನು ಅವಳ ಟೀಗೆ ಸಕ್ಕರೆ ಕಡಿಮೆ ಹಾಕುವುದನ್ನು ನೆನಪಿಟ್ಟುಕೊಳ್ಳುತ್ತಾನೆಯೇ?

ಒಂದು ಸಂಜೆ ಅಪ್ಪ ಹೊಸ ತುಕಡಿಯನ್ನು ಮೇಜಿನ ಮೇಲೆ ನಿಲ್ಲಿಸಿದರು. "ಹೇಗಿದೆ, ಹೇಳೋ," ಎಂದರು ಮಗನಿಗೆ.

ಅವನು ಬಗ್ಗಿ ನೋಡಿದ. ಗಂಟಲು ಸರಿಮಾಡಿಕೊಂಡ.

"ಅಪ್ಪ... ಆ ಕೊನೆಯವನ ಬಾವುಟ ಸೊಟ್ಟಗಿದೆ. ಉಳಿದವೆಲ್ಲ ನಿಜವಾಗ್ಲೂ ಚೆನ್ನಾಗಿವೆ."

ಅಪ್ಪ ಮೇಜು ಕುಟ್ಟಿದರು. "ಈಗ ಬಂದೆ ನೋಡು ದಾರಿಗೆ! ಹೋಗು, ಟೀ ಮಾಡು. ಇವತ್ತು ಯುದ್ಧ ಆಡೋಣ. ನಾನೂ ಅವಳೂ ಒಂದು ಕಡೆ, ನೀನೊಬ್ಬನೇ ಇನ್ನೊಂದು ಕಡೆ."

ಅಡುಗೆಮನೆಯಲ್ಲಿ ಅವನು ಹಾಲು ಒಲೆಗಿಟ್ಟು ಸುಮ್ಮನೆ ನಿಂತಿದ್ದ. ಲೋಟ ತೊಳೆಯುವ ನೆಪದಲ್ಲಿ ಅವಳೂ ಬಂದಳು.

"ಅವತ್ತು ನಿಮ್ಮ ಮೇಲೆ ಕೋಪ ಮಾಡ್ಕೊಂಡೆ," ಎಂದ ಅವನು ಒಲೆಯ ಕಡೆ ನೋಡುತ್ತಲೇ. "ತಪ್ಪು ನನ್ನದು. ಅಪ್ಪನಿಗೆ ನೋವಾಗಬಾರದು ಅಂತ ಸುಳ್ಳು ಹೇಳ್ತಾ ಹೇಳ್ತಾ ಅವರನ್ನ ಮೂಲೆಗೆ ಕೂರಿಸಿಬಿಟ್ಟಿದ್ದೆ."

"ನಾನೂ ಕೇಳದೇ ಮುಟ್ಟಬಾರದಿತ್ತು."

"ಮುಟ್ಟಿದ್ದಕ್ಕೇ ಅವರು ಎದ್ದು ಕೂತಿದ್ದು." ಸ್ವಲ್ಪ ತಡೆದು ಅವನು ಹೇಳಿದ, "ಇನ್ನೊಂದು ನಿಜ ಇದೆ. ಹೇಳೋದಕ್ಕೆ ಬರ್ತಿಲ್ಲ... ನೀವು ಬರೋ ಹೊತ್ತಾದ್ರೆ ಹತ್ತು ಸಲ ಕಿಟಕಿ ಹತ್ರ ಹೋಗ್ತೀನಿ. ಅಪ್ಪನ ಪಾಠಕ್ಕೆ ತಡವಾಗುತ್ತೆ ಅಂತ ನನಗೆ ನಾನೇ ಹೇಳ್ಕೊಳ್ತೀನಿ. ಅದೂ ಸುಳ್ಳೇ. ನನಗೆ ನೀವು ಬೇಕು. ಪಾಠ ಮುಗಿದ ಮೇಲೂ."

ಅವಳ ಕೈಯಲ್ಲಿದ್ದ ಲೋಟ ಹಾಗೇ ಉಳಿಯಿತು.

"ಏನ್ರಪ್ಪಾ, ಹಾಲು ಕಾಯಿಸೋದಕ್ಕೆ ಇಬ್ಬರು ಬೇಕಾ?" ಹೊರಗಿನಿಂದ ಅಪ್ಪ ಕೂಗಿದರು. "ದಂಡು ಕಾಯ್ತಾ ಇದೆ, ಬಾರಮ್ಮ."

ಅವಳು ಅವನ ಮುಖವನ್ನೇ ನೋಡುತ್ತಾ ಉತ್ತರ ಕೊಟ್ಟಳು.

"ಬಂದೆ, ಮಾವ."

ಹೊರಗೆ ದಾಳಗಳನ್ನು ಸುಮ್ಮಸುಮ್ಮನೆ ಉರುಳಿಸುವ ಸದ್ದು ಕೇಳಿಸಿತು.

ಹಾಲು ಉಕ್ಕಿತು. ಅವನು ಒಲೆ ಆರಿಸುವುದನ್ನೂ ಮರೆತು ನಿಂತಿದ್ದ. ಅವಳೇ ಕೈಚಾಚಿ ಆರಿಸಿದಳು.

"ಈಗ... ಏನಂತ ಕರೆದ್ರಿ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದ ಅವನು, ಅವಳ ಒದ್ದೆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾ. "ಇನ್ನೊಂದು ಸಲ ಕೇಳ್ಬೇಕು ಅನ್ನಿಸ್ತು."