ಏರಿಯಲ್ ಹಿಡಿದ ಕೈ

“ರೇಡಿಯೊ ಬೇಕಾದಷ್ಟು ನೋಡ್ರಿ. ಏರಿಯಲ್ ಮಾತ್ರ ಮುಟ್ಟಬ್ಯಾಡ್ರಿ,” ಎಂದಳು ಬಾಯವ್ವ.

ಸಿದ್ಧಾರೂಢ ನಕ್ಕ. ಹಳೆಯ ಶಾರ್ಟ್‌ವೇವ್ ರೇಡಿಯೊ ಕೂಡಿಹಾಕುವ ಹುಚ್ಚು ಅವನಿಗೆ. ಸವದತ್ತಿಯ ಅವನ ಕೋಣೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ. ದೇಗಾಂವದ ಈ ಮನೆಯಲ್ಲಿ ಎಂಟು ಬ್ಯಾಂಡಿನದೊಂದು ಇದೆಯೆಂದು ಕೇಳಿ ಮಧ್ಯಾಹ್ನದ ಬಿಸಿಲಲ್ಲೇ ಬಂದಿದ್ದ. ಕೊಡಲು ಮನಸ್ಸಿಲ್ಲದವರು ಇಂಥದೇ ಏನಾದರೊಂದು ಹೇಳುತ್ತಾರೆ.

“ಯಾಕಬೇ, ಏರಿಯಲ್‌ನ್ಯಾಗ ದೆವ್ವ ಜೋತು ಬಿದ್ದೈತೇನು?”

ಬಾಯವ್ವ ಒಳಕೋಣೆಯ ಬಾಗಿಲು ತೆರೆದಳು.

ಒಳಕೋಣೆಗೆ ಕಿಟಕಿಯಿರಲಿಲ್ಲ. ಸುಟ್ಟ ಕೂದಲು, ಕೊಳೆತ ನಿಂಬೆ, ಬಿಸಿಲನ್ನೇ ಕಾಣದ ಮೈಯ ವಾಸನೆ. ಮಂಚದ ಮೇಲೆ ಅವಳ ಗಂಡ ಗಂಗಪ್ಪ. ಒಂದು ಕಾಲಕ್ಕೆ ಬೈಲಹೊಂಗಲದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು. ತೊಡೆಯ ಮೇಲೆ ರೇಡಿಯೊ. ಬಲಗೈ ಏರಿಯಲ್‌ನ ಬುಡ ಹಿಡಿದಿತ್ತು. ಉಗುರುಗಳು ಬೆಳೆದು ಸುರುಳಿ ಸುತ್ತಿದ್ದವು. ಯಾರೋ ಮನೆಗೇ ತಂದು ರಿಪೇರಿಗೆ ಕೊಟ್ಟು ಹೋದವರು ತಿರುಗಿ ಬರಲಿಲ್ಲವೆಂದೂ, ಅಂದಿನಿಂದ ಗಂಡ ಹೀಗೇ ಕುಳಿತಿದ್ದಾನೆಂದೂ ಬಾಯವ್ವ ಹೇಳಿದಳು.

ಮುಪ್ಪಿನ ಅರಳುಮರಳು ಎಂದುಕೊಂಡ ಸಿದ್ಧಾರೂಢ. ಅವನ ಕಣ್ಣೆಲ್ಲ ರೇಡಿಯೊದ ಮೇಲೆ. ತೊಗಲಿನ ಚೀಲ ಹರಿದಿಲ್ಲ. ಡಯಲಿನ ಗಾಜು ಬಿರಿದಿಲ್ಲ. ಹಿಂದಿನ ಮುಚ್ಚಳ ತೆಗೆದ. ಬ್ಯಾಟರಿ ಶೆಲ್ಲುಗಳಿರಲಿಲ್ಲ. ಮೊಳೆ ಚುಚ್ಚಿದ ಒಣನಿಂಬೆ, ಕರಿದಾರ ಸುತ್ತಿದ ಕೂದಲುಂಡೆ.

ಆದರೂ ರೇಡಿಯೊ ಗೊರಗುಟ್ಟುತ್ತಿತ್ತು. ಆ ಸದ್ದಿನ ಆಳದಲ್ಲಿ ಯಾರೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

ಇನ್ನೆಲ್ಲೋ ಶೆಲ್ ಅಡಗಿಸಿದ್ದಾರೆ ಎನ್ನಿಸಿತು ಅವನಿಗೆ. ಡಯಲಿನ ಮುಳ್ಳು ಸರಿಸಿದ. ದನಿ ಬಂತು, ಜಾರಿತು. ಸ್ಟೇಷನ್ ಜಾರಿದಾಗ ಏರಿಯಲ್‌ನ ತುದಿ ಹಿಡಿದರೆ ಮೈಯೇ ತಂತಿಯಾಗಿ ದನಿ ತಿಳಿಯಾಗುತ್ತದೆ. ರಾಮದುರ್ಗದ ಗೆಳೆಯ ಮುಜಫ್ಫರ ಕಲಿಸಿದ ಚಟ ಅದು. ಕೈ ತಾನಾಗಿಯೇ ಮುಂದಾಯಿತು.

“ಬ್ಯಾಡ್ರಿ,” ಎಂದಳು ಬಾಯವ್ವ. ತಡೆಯುವ ಆತುರ ಆ ದನಿಯಲ್ಲಿರಲಿಲ್ಲ.

ಹಿಡಿದ.

ತಣ್ಣಗಿತ್ತು. ದನಿ ತಿಳಿಯಾಯಿತು. ಬಿಡ್ರಿ ನನ್ನ. ಬಿಡ್ರಿ ನನ್ನ. ಅದು ಸಿದ್ಧಾರೂಢನದೇ ದನಿ. ಕೈ ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಚರ್ಮ ಹಿಗ್ಗಿತು, ಬೆರಳು ಬಿಡಲಿಲ್ಲ. ಅತ್ತ ಗಂಗಪ್ಪನ ಬೆರಳುಗಳು ಒಂದೊಂದೇ ಬಿಚ್ಚಿಕೊಂಡವು. ಮುದುಕ ರೇಡಿಯೊವನ್ನು ಮಂಚದ ಮೇಲಿಟ್ಟು ಎದ್ದ. ಗೋಡೆ ಹಿಡಿದು ಬಿಸಿಲಿಗೆ ಹೋದ. ಹಿಂದಿರುಗಿ ನೋಡಲಿಲ್ಲ.

ಸಿದ್ಧಾರೂಢ ರೇಡಿಯೊ ಎತ್ತಿಕೊಂಡು ಓಡಲು ನೋಡಿದ. ಬೀಸುವ ಕಲ್ಲಿನ ಭಾರ. ಅದು ಮಂಚ ಬಿಟ್ಟು ಏಳಲಿಲ್ಲ.

“ಊರ ಮಂದಿಯೆಲ್ಲಾ ಜಗ್ಗಿ ನೋಡ್ಯಾರ್ರಿ, ಬರೂದಿಲ್ಲ,” ಎಂದಳು ಬಾಯವ್ವ, ಹೊಸ್ತಿಲಲ್ಲಿ ನಿಂತು. “ಹೇಳದಽ ಹಿಡಿಸಿದ್ರ ಅಂಟೂದಿಲ್ಲ. ಬ್ಯಾಡ ಅಂದ ಮ್ಯಾಲೂ ತಾವಽ ಹಿಡೀಬೇಕು. ಅದಕ್ಕಽ ಹೇಳಿದ್ನಿ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೊತ್ತಿಗೆ ರೊಟ್ಟಿ ತಂದ ಕೊಡತೇನಿ.”

ಬಾಗಿಲು ಮುಚ್ಚಿತು. ಕೂಗಿದ. ಗಂಟಲಿನಿಂದ ಬರೀ ಗಾಳಿ ಬಂತು. ಕೂಗು ರೇಡಿಯೊದಲ್ಲಿ ಕೇಳಿಸಿತು, ಬಹಳ ದೂರದಿಂದ ಬಂದಂತೆ.

ಕತ್ತಲಲ್ಲಿ ಎಡಗೈ ಫೋನು ಹುಡುಕಿತು. ರೇಡಿಯೊದ ಫೋಟೊ ತೆಗೆದ. ಮುಜಫ್ಫರನಿಗೆ ಕಳಿಸಿದ. ಎಂಟು ಬ್ಯಾಂಡ್, ದೇಗಾಂವ, ಲಗೂನ ಬಾ ಎಂದು ಬರೆದ. ಹೆಬ್ಬೆರಳು ನಿಂತಿತು. ಇಷ್ಟೇ ಬರೆದರೆ ಗೆಳೆಯ ಬರುತ್ತಾನೆ, ಹಿಡಿಯುತ್ತಾನೆ, ಏನೂ ಆಗದೆ ಮನೆಗೆ ಹೋಗುತ್ತಾನೆ.

ಒಮ್ಮೆ ಕಣ್ಣು ಮುಚ್ಚಿ ತೆರೆದು ಇನ್ನೊಂದು ಸಾಲು ಬರೆದ.

“ಏರಿಯಲ್ ಮಾತ್ರ ಮುಟ್ಟಬ್ಯಾಡ.”