ಉಪ್ಪಿನ ಲಾರಿಯವಳು

ಹೊಳೆಯ ನಡುವೆ ಲಾರಿ ಸಿಕ್ಕಿಬಿದ್ದಿತ್ತು. ಹಿಂದಿನ ಚಕ್ರ ಕೆಸರೆರಚುತ್ತ ಸುಮ್ಮನೆ ತಿರುಗುತ್ತಿತ್ತು. ದಡದ ಮೇಲೆ ಕುದುರೆಗಳನ್ನು ಹೊಡೆದುಕೊಂಡು ಬರುತ್ತಿದ್ದ ಎಸ್ತೆಬೆಸ್ ನಗು ತಡೆಯಲಾರದೆ ಕೂಗಿದ.

“ಲೋ ತಮ್ಮಾ! ತುಳೀಬೇಡ್ವೋ! ಇನ್ನೊಂದ್ ಸಲ ತುಳಿದ್ರೆ ಪಾತಾಳಕ್ಕೇ ಇಳೀತೀಯ!”

ಲಾರಿಯ ಬಾಗಿಲು ತೆರೆಯಿತು. ಸಿಪಾಯಿ ಕೋಟು, ಸಿಪಾಯಿ ಟೋಪಿ, ಮೊಣಕಾಲುದ್ದದ ಬೂಟು. ಒಳಗಿದ್ದ ಡ್ರೈವರ್ ಟೋಪಿ ತೆಗೆದು ಹಣೆ ಒರೆಸಿಕೊಂಡಾಗ ಎಸ್ತೆಬೆಸ್‌ನ ನಗು ಅರ್ಧಕ್ಕೇ ನಿಂತಿತು. ಗಿಡ್ಡ ಕೂದಲು, ಕೆನ್ನೆಗೆ ಮೆತ್ತಿದ ಎಣ್ಣೆಮಸಿ, ಅದರ ಮೇಲೆ ಸಿಟ್ಟಿನಿಂದ ಹೊಳೆಯುವ ಎರಡು ಕಣ್ಣು.

“ತಮ್ಮ ಅಲ್ಲ, ಹೆಣ್ಣು. ಹೆಸರು ಜಿಪಾರ್. ಹಗ್ಗ ಇದ್ರೆ ಕೊಡಿ, ಇಲ್ಲಾಂದ್ರೆ ನಿಮ್ ದಾರಿ ನೋಡ್ಕೊಳ್ಳಿ.”

“ಹಗ್ಗಾನೂ ಇದೆ, ಕುದುರೆನೂ ಇದೆ. ಆದ್ರೆ ನನ್ನ ಕುದುರೆಗಳಿಗೆ ಬಿಂಕ ಜಾಸ್ತಿ. ಬಾಯ್ತುಂಬ ಕರೆದ್ರೇನೇ ಬರೋದು.”

ಅವಳು ನೀರಿಗಿಳಿದು ಬಂದಳು. ಮುಂದಿದ್ದ ಕೆಂಪು ಕುದುರೆಯ ಕುತ್ತಿಗೆ ಸವರಿ, ಅದರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

“ಏನಂದ್ರಿ ಅದಕ್ಕೆ?”

“ಯಜಮಾನನಿಗಿಂತ ನೀನೇ ವಾಸಿ ಅಂದೆ.”

ಕುದುರೆಗಳು ಲಾರಿಯನ್ನು ಎಳೆದು ದಡಕ್ಕೆ ತಂದವು. ಎಸ್ತೆಬೆಸ್ ಮಾತ್ರ ಆ ದಿನದಿಂದ ದಡ ಸೇರಲಿಲ್ಲ.

ಅದು ಮಹಾಯುದ್ಧ ಮುಗಿದ ಮರುವರ್ಷದ ವಸಂತ. ಕೊಚ್ಕೋರ್ ಕಣಿವೆಯ ಆ ಊರಿಗೆ ಇದ್ದದ್ದು ಒಂದೇ ಲಾರಿ. ಅದನ್ನು ಓಡಿಸಬಲ್ಲ ಗಂಡಸರು ಯಾರೂ ವಾಪಸು ಬಂದಿರಲಿಲ್ಲ. ಬಂದವಳು ಜಿಪಾರ್. ಇಪ್ಪತ್ತರ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಯುದ್ಧಕ್ಕೆ ಹೋದವಳು. ಮೂರು ವರ್ಷ ಅವಳ ಲಾರಿಯಲ್ಲಿ ಮುಂದಕ್ಕೆ ಹೋಗುವಾಗ ಗುಂಡಿನ ಪೆಟ್ಟಿಗೆ, ಹಿಂದಕ್ಕೆ ಬರುವಾಗ ಗಾಯಾಳುಗಳು. ಎದೆಯ ಮೇಲೆ ಪದಕ ತೊಟ್ಟು ಊರಿಗೆ ಬಂದ ದಿನವೇ ಅತ್ತಿಗೆ ಅದನ್ನು ಬಿಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು. “ಯಾಕೆ ಕೊಟ್ರು ಅಂತ ಜನ ಬೇರೆ ಅರ್ಥ ಹಚ್ತಾರೆ ಕಣೇ.” ಬಾವಿಕಟ್ಟೆಗೆ ಜಿಪಾರ್ ಹೋದರೆ ಅಲ್ಲಿನ ಮಾತು ನಿಂತುಹೋಗುತ್ತಿತ್ತು. ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಶುರುವಾಗುತ್ತಿತ್ತು.

ಎಸ್ತೆಬೆಸ್‌ನದು ಇದಕ್ಕೆ ತಿರುಗಾ ಮುರುಗಾ. ಸಿಡುಬಿನಲ್ಲಿ ಎಡಗಣ್ಣು ಹೋದ ಅವನನ್ನು ಸೈನ್ಯ ಸೇರಿಸಿಕೊಂಡಿರಲಿಲ್ಲ. ಯುದ್ಧ ಮುಗಿಯುವವರೆಗೂ ಸೈನ್ಯಕ್ಕೆಂದು ಕುದುರೆ ಸಾಕಿ, ಪಳಗಿಸಿ, ರೈಲು ಹತ್ತಿಸಿ ಕಳಿಸಿದ. ಆಮೇಲೂ ದೂರದ ಲಾಯದಲ್ಲೇ ಇದ್ದ ಅವನು ಊರಿಗೆ ಮರಳಿದ್ದು ಹೊಳೆಯಲ್ಲಿ ಜಿಪಾರ್ ಸಿಕ್ಕ ಆ ದಿನವೇ. ಗಂಡನನ್ನು ಕಳೆದುಕೊಂಡ ಹೆಂಗಸರು ಅವನ ಮುಖಕ್ಕೇ ಹೇಳುತ್ತಿದ್ದರು, “ಕುರುಡುಗಣ್ಣಿಗೆ ಕೈಮುಗಿಯಪ್ಪ, ಜೀವ ಉಳಿಸ್ತು.”

ಹೊಳೆಯ ಭೇಟಿಯ ನಂತರ ಅವನಿಗೆ ಲಾರಿ ಶೆಡ್ಡಿನ ಕಡೆ ದಿನಕ್ಕೊಂದು ಕೆಲಸ ಹುಟ್ಟಿಕೊಂಡಿತು. ಒಂದು ದಿನ ಲಗಾಮಿಗೆ ಎಣ್ಣೆ ಬೇಕು, ಮರುದಿನ ಲಾಳಕ್ಕೆ ಮೊಳೆ ಬೇಕು.

“ನಿನ್ನೆ ಕೊಟ್ಟ ಮೊಳೆ ಏನಾಯ್ತು?” ಲಾರಿಯ ಕೆಳಗೆ ಮಲಗಿದ್ದ ಜಿಪಾರ್ ಕೇಳಿದಳು. “ಕುದುರೆ ತಿಂತಾ?”

“ಹೂಂ. ಅದಕ್ಕೂ ನಿಮ್ಮ ಕೈರುಚಿ ಹಿಡಿಸಿಬಿಟ್ಟಿದೆ.”

ಕೆಳಗಿನಿಂದ ನಗು ಕೇಳಿತು. ಮುಖ ಕಾಣಲಿಲ್ಲ. ಅವನು ಆ ನಗು ಬಂದ ಕಡೆಯೇ ನೋಡುತ್ತ ನಿಂತ.

ಮತ್ತೊಂದು ದಿನ ಅವನು ತಮಾಷೆ ಬಿಟ್ಟು ಕೇಳಿದ. “ಯುದ್ಧದಲ್ಲಿ ನಮ್ಮ ಕಡೆ ಕುದುರೆ ಎಲ್ಲಾದ್ರೂ ನೋಡಿದ್ರಾ?”

ಅವಳು ಕೈ ಒರೆಸಿಕೊಂಡು ಎದ್ದು ಕುಳಿತಳು. “ನೋಡಿದೆ. ಗಿಡ್ಡ ಕಾಲು, ದಪ್ಪ ಕುತ್ತಿಗೆ. ಹಿಮದಲ್ಲಿ ಫಿರಂಗಿ ಎಳೀತಿದ್ವು. ಹತ್ರ ಹೋಗಿ ಮೂಸಿದೆ, ಊರಿನ ವಾಸನೇನೇ. ಕತ್ತು ತಬ್ಕೊಂಡು ಅತ್ತುಬಿಟ್ಟೆ. ನೀನು ಕಳಿಸಿದ್ದೋ ಅಲ್ವೋ, ಗೊತ್ತಿಲ್ಲ.”

ಅವಳು ಮೊದಲ ಸಲ ಅವನನ್ನು ‘ನೀನು’ ಅಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು, ಇಬ್ಬರೂ ಬೇರೆ ಕಡೆ ನೋಡಿದರು.

ಮನೆಯಲ್ಲಿ ಎಸ್ತೆಬೆಸ್ ಜಿಪಾರ್‌ಳನ್ನು ಮದುವೆಯಾಗುವ ಮಾತೆತ್ತಿದಾಗ ತಾಯಿ ಬಾತ್ಮಾ ಒಂದೇ ಮಾತಿಗೆ ಮುಗಿಸಿದಳು. “ಮೂರು ವರ್ಷ ಗಂಡಸರ ಮಧ್ಯೆ ಇದ್ದವಳು ಈ ಮನೆ ಹೊಸಿಲು ತುಳಿಯೋದು ಬೇಡ.” ಯುದ್ಧದಲ್ಲಿ ಸತ್ತ ಹಿರಿಮಗ ಸುಯುನ್‌ನ ಹೆಸರು ಹಿಡಿದು ಅತ್ತಳು. ಮಾರನೆಯ ದಿನ ಎಸ್ತೆಬೆಸ್ ಯಾರಿಗೂ ಹೇಳದೆ ಕುದುರೆಗಳೊಂದಿಗೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಟುಹೋದ. ವಾರ ಕಳೆದು ತಾಯಿಯೂ ಹೋಗಿ ಗುಡಾರ ಹಾಕಿದಳು.

ಇಪ್ಪತ್ತು ದಿನ ಶೆಡ್ಡಿಗೆ ಮೊಳೆ ಕೇಳಲು ಯಾರೂ ಬರಲಿಲ್ಲ. ಬೆಟ್ಟದ ಮೇಲೆ ಮೇಯುತ್ತಿದ್ದ ದನ ಕುದುರೆಗಳಿಗೆ ಉಪ್ಪು ಮುಟ್ಟಿಸಬೇಕೆಂದು ಅಪ್ಪಣೆ ಬಂದಾಗ ಜಿಪಾರ್ ಲಾರಿಯ ತುಂಬ ಉಪ್ಪಿನ ಗಡ್ಡೆ ಹೇರಿಕೊಂಡು ಬೆಟ್ಟ ಹತ್ತಿದಳು.

ಮಟಮಟ ಮಧ್ಯಾಹ್ನ. ಎಸ್ತೆಬೆಸ್ ಗುಡಾರದ ಹೊರಗೆ ಕುದುರೆ ಹಾಲು ಕಡೆಯುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

“ಹೇಳದೆ ಓಡಿಬಂದೆಯಲ್ಲ, ನಾನೇನು ನಿನ್ನ ಹಿಡಿದು ತಿಂತಿದ್ನಾ?”

“ಅಮ್ಮ ಬೇಡ ಅಂದ್ಳು.”

“ಅಮ್ಮಂದು ಗೊತ್ತು. ನಿಂದು ಹೇಳು.”

ಅವನು ನೆಲ ನೋಡಿದ. “ನೀನು ಪದಕದವಳು. ನಾನು ಮನೇಲಿ ಉಳಿದವನು. ನನ್ನ ಕಟ್ಕೊಂಡ್ರೆ ಊರು ನಿನ್ನ ನೋಡಿ ನಗುತ್ತೆ, ಜಿಪಾರ್.”

“ವರ್ಷದಿಂದ ನಗ್ತಾನೇ ಇದೆ! ಹೊಸದೇನು? ಪದಕ ಅಂತೆ. ಒಂದೊಂದ್ ದಿನಾನೂ ಹೆದರಿಕೆಯಿಂದ ಹಲ್ಲು ಕಟಕಟ ಅಂತಿತ್ತು ಕಣೋ. ಶೂರರನ್ನ ಲಾರಿ ತುಂಬ ಹೊತ್ತಿದೀನಿ. ನಂಗೆ ಶೂರ ಬೇಡ. ಮೊಳೆ ಕೇಳ್ಕೊಂಡು ಬರೋನು ಬೇಕು.”

ಗುಡಾರದ ಪರದೆ ಸರಿಯಿತು. ಬಾತ್ಮಾ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆಂದು ಇಬ್ಬರೂ ಕಾದರು.

“ಗಾಯ ಆದವರನ್ನ ಹೊತ್ತೆ ಅಂದ್ಯಲ್ಲ,” ಮುದುಕಿ ನಿಧಾನವಾಗಿ ಕೇಳಿದಳು. “ನನ್ನ ಸುಯುನ್ ಆಸ್ಪತ್ರೆಗೆ ಹೋಗೋ ದಾರೀಲಿ ಹೋದ ಅಂತ ಬರೆದಿದ್ರು. ಅಂಥವರಿಗೆ… ಯಾರಾದ್ರೂ ನೀರು ಕೊಡ್ತಿದ್ರಾ?”

ಜಿಪಾರ್ ಅವಳ ಹತ್ತಿರ ಹೋದಳು. “ನಿಮ್ಮ ಮಗ ನನ್ನ ಲಾರೀಲಿದ್ರೋ ಇಲ್ವೋ ತಿಳೀದಮ್ಮ, ಸುಳ್ಳು ಹೇಳಲ್ಲ. ಆದ್ರೆ ನನ್ನಂಥವರು ತುಂಬ ಜನ ಇದ್ವಿ. ಕೊಡಬಹುದಾದವರಿಗೆ ನೀರು ಕೊಡ್ತಿದ್ವಿ. ಹೊಟ್ಟೆಗೆ ಏಟು ಬಿದ್ದವರಿಗೆ ಕೊಡೋ ಹಾಗಿರ್ಲಿಲ್ಲ, ಒದ್ದೆ ಬಟ್ಟೇಲಿ ತುಟಿ ಒರೆಸ್ತಿದ್ವಿ. ‘ಅಮ್ಮಾ’ ಅಂತ ಕರೆದ್ರೆ ಸ್ಟೀರಿಂಗ್ ಹಿಡ್ಕೊಂಡೇ ಓಗೊಡ್ತಿದ್ದೆ. ‘ಇಲ್ಲೇ ಇದೀನಿ ಮಗಾ’ ಅಂತ. ನಂಗಿಂತ ದೊಡ್ಡವರಿಗೂ.”

ಬಾತ್ಮಾ ಜಿಪಾರ್‌ಳ ಕೈ ಹಿಡಿದು ಒಳಗೆ ಕರೆದೊಯ್ದು, ಅತಿಥಿಗಳು ಕೂರುವ ಮೇಲುಜಾಗದಲ್ಲಿ ಕೂರಿಸಿದಳು. ತನ್ನ ಕಿವಿಯ ಬೆಳ್ಳಿ ಓಲೆಗಳನ್ನು ಬಿಚ್ಚಿದಳು. ಸೊಸೆಯಾಗುವವಳಿಗೆ ಅತ್ತೆ ತನ್ನ ಕೈಯಾರೆ ಓಲೆ ಹಾಕಿದರೆ ಅಲ್ಲಿಗೆ ಸಂಬಂಧ ನಿಶ್ಚಯ. ಬಾಗಿಲಲ್ಲಿ ನಿಂತ ಎಸ್ತೆಬೆಸ್ ಉಸಿರು ಬಿಗಿಹಿಡಿದ.

ಮುದುಕಿಯ ಬೆರಳು ಕಿವಿ ತಡಕಿ ನಿಂತಿತು. “ಅಯ್ಯೋ, ತೂತೇ ಮುಚ್ಚಿಹೋಗಿದೆಯಲ್ಲೇ!”

“ಅಲ್ಲಿ ಓಲೆ ಹಾಕೋ ಹಾಗಿರ್ಲಿಲ್ಲ ಅಮ್ಮ.”

“ಚುಚ್ಚಬೇಕಾಗುತ್ತೆ. ನೋವಾಗುತ್ತೆ.” ಬಾತ್ಮಾ ದೊಡ್ಡ ಸೂಜಿಯನ್ನು ಬೆಂಕಿಗೆ ಹಿಡಿದಳು. “ಏನೋ ನಿಂತ್ಕೊಂಡೆ ಕಂಬದ ಹಾಗೆ? ಬಂದು ಅವಳ ಕೈ ಹಿಡ್ಕೋ!”

ಎಸ್ತೆಬೆಸ್ ಬಂದು ಪಕ್ಕದಲ್ಲಿ ಕುಳಿತ. ಎಣ್ಣೆಯಿಂದ ಕಪ್ಪಾಗಿದ್ದ ಆ ಬೆರಳುಗಳನ್ನು ಮೊದಲ ಸಲ ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಅವು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವು.

“ಹೆದರಿಕೆನಾ?” ಮೆಲ್ಲಗೆ ಕೇಳಿದ.

“ತುಂಬಾ,” ಎಂದಳು ಜಿಪಾರ್. ಕಣ್ಣು ಬಿಗಿಯಾಗಿ ಮುಚ್ಚಿ ಅವನ ಭುಜಕ್ಕೆ ಒರಗಿದಳು. “ಬಿಡಬೇಡ.”